ಗಂಜಿಯ ಸಮುದ್ರ

ಸೂಕ್ಷ್ಮದರ್ಶಕದಿಂದ ತಲೆ ಎತ್ತಿದ ಮೇಲೂ ಅವರ ಎಡಗಣ್ಣು ಮುಚ್ಚಿಯೇ ಇರುತ್ತಿತ್ತು, ನಮ್ಮಂಥವರನ್ನು ನೋಡಲು ಒಂದು ಕಣ್ಣು ಸಾಕೆಂಬಂತೆ. ಸರ್ಕಾರಿ ಕೆಲಸದಿಂದ ನಿವೃತ್ತರಾಗಿ ಯಳಂದೂರಿನ ಬಾಡಿಗೆ ಮನೆಯಲ್ಲಿ ಪ್ರಯೋಗಾಲಯ ಹೂಡಿದ್ದ ಸಾಹೇಬರು ಅವರು. ನಾನು ಸಹಾಯಕ. ನನಗೆ ಕಾಫಿ ಜಗಲಿಯಲ್ಲಿ. ಕುಡಿದ ಲೋಟ ನಾನೇ ತೊಳೆದಿಡಬೇಕು.

ಮದರಾಸು ಕಡೆ ಕರಾವಳಿಯಲ್ಲಿ ತೈಲಕ್ಕಾಗಿ ಬಾವಿ ಕೊರೆಸುತ್ತಿದ್ದ ಕಚೇರಿಯೊಂದು ಆಳದ ಜೇಡಿಮಣ್ಣು ಕಳಿಸುತ್ತಿತ್ತು. ಅದನ್ನು ಆಮ್ಲದಲ್ಲಿ ಕರಗಿಸಿ, ಸೋಸಿ, ಉಳಿದದ್ದನ್ನು ಗಾಜಿನ ಮೇಲೆ ಹರಡುತ್ತಿದ್ದೆ. ಸಾಹೇಬರು ಎಣಿಸುತ್ತಿದ್ದರು. ಗಿಡಗಳ ಬೀಜಕಣ ಹೆಚ್ಚಿದ್ದರೆ ಆ ಕಾಲದಲ್ಲಿ ದಡ ಹತ್ತಿರವಿತ್ತು; ಪಾಚಿಯ ಕೋಶ ಹೆಚ್ಚಿದ್ದರೆ ಅದು ತೆರೆದ ಸಮುದ್ರ. ಮುಂದಿನ ಬಾವಿ ಎಲ್ಲಿ ಎಂಬುದನ್ನು ಕಚೇರಿ ಈ ಲೆಕ್ಕ ನೋಡಿ ಗೊತ್ತುಮಾಡುತ್ತಿತ್ತು.

ಸೋಸುವ ಬಟ್ಟೆ ಹರಿದಾಗ ಕೊಳ್ಳೇಗಾಲದಿಂದ ತೆಳುವಾದ ರೇಷ್ಮೆ ತಂದೆ. ನೇಯ್ದ ಅಜ್ಜಿ, "ಗಂಜಿ ಆಕಿವ್ನಿ ಕಣ್ರಿ ಸಾ, ಒಗ್ದು ತಕ್ಕಳಿ," ಅಂದಿದ್ದಳು. ಅವಸರದಲ್ಲಿ ಒಗೆಯಲಿಲ್ಲ.

"ಬಾಯ್ಯಾ ಬಿ.ಎಸ್ಸಿ., ಹೊಸ ಪಾಚಿ ನೋಡು. ನಿಮ್ಮ ಮೇಷ್ಟ್ರು ಕನಸಲ್ಲೂ ಕಂಡಿರಲ್ಲ," ಎಂದು ಸಾಹೇಬರು ಹಿಗ್ಗಿದರು. ಅದಕ್ಕೆ ಮಾವನ ಹೆಸರಿಟ್ಟರು. ಮಾವನ ಆಸ್ತಿ ಇನ್ನೂ ಕೈಗೆ ಬಂದಿರಲಿಲ್ಲ. ವರದಿ ಅಂಚೆಗೆ ಹೋಯಿತು.

ಆಮೇಲೆ ಅಜ್ಜಿಯ ಮಾತು ನೆನಪಾಗಿ ಗಾಜಿಗೆ ಒಂದು ಹನಿ ಅಯೋಡಿನ್ ಬಿಟ್ಟೆ. ಹೊಸ ಪಾಚಿಯೆಲ್ಲ ನೀಲಿಯಾಯಿತು. ಅದು ಅಕ್ಕಿ ಗಂಜಿ. ಸಾಹೇಬರನ್ನು ಕರೆದು ತೋರಿಸಿದೆ. ಬಹಳ ಹೊತ್ತು ನೋಡಿದರು.

"ಬಟ್ಟೆ ಒಗೆದಿದ್ದೆಯೇನಯ್ಯಾ?"

ಕೆಲಸ ಹೋಗುತ್ತದೆಂದು ಹೆದರಿ, "ಒಗೆದಿದ್ದೆ ಸಾರ್," ಎಂದೆ.

"ಹಾಗಾದ್ರೆ ನಿನ್ನ ಅಯೋಡಿನ್ನೇ ಕೆಟ್ಟಿದೆ. ಹೋಗು, ಲೋಟ ತೊಳಿ."

ಹೆಸರಿನ ಆಸೆಗೆ ಕಣ್ಣೆದುರಿನ ಗಂಜಿಯನ್ನೂ ಒಪ್ಪದ ಮನುಷ್ಯ ಎಂದು ಅಂದಿನಿಂದ ಅವರನ್ನು ಕಂಡರೆ ಹೇಸಿಗೆಯಾಯಿತು. ಆ ವರದಿ ನಂಬಿ ಮುಂದಿನ ಬಾವಿಯನ್ನು ತಪ್ಪು ಜಾಗದಲ್ಲಿ ಕೊರೆದಾರು ಎಂದು ಗೊತ್ತಿತ್ತು. ಆದರೂ ಬಾಯಿ ಬಿಡಲಿಲ್ಲ.

ಕೆಲವು ವರ್ಷಗಳ ಮೇಲೆ ಅವರು ತೀರಿಕೊಂಡರು. ಆಗ ಧೈರ್ಯ ಬಂದು ಆ ಕಚೇರಿಗೆ ಎಲ್ಲವನ್ನೂ ಬರೆದೆ. ಉತ್ತರದ ಜೊತೆಗೆ ಸಾಹೇಬರದೇ ಹಳೆಯ ಪತ್ರದ ನಕಲು ಬಂತು. ಅಯೋಡಿನ್ ಹಾಕಿದ ಮರುದಿನದ ತಾರೀಖು. "ವರದಿ ಹಿಂದಕ್ಕೆ ಪಡೆಯುತ್ತೇನೆ. ಬಟ್ಟೆಯ ಗಂಜಿಯನ್ನು ಪಾಚಿಯೆಂದು ಎಣಿಸಿದವನು ನಾನು. ತಪ್ಪನ್ನು ಪತ್ತೆ ಮಾಡಿದವನು ನನ್ನ ಸಹಾಯಕ."

ಅವರು ಒಳ್ಳೆಯವರೆಂದು ಇವತ್ತಿಗೂ ಬರೆಯಲಾರೆ. ಆದರೆ ಅವರು ಬರೆದದ್ದು ನಿಜ, ನಾನು ಅವರಿಗೆ ಹೇಳಿದ್ದು ಸುಳ್ಳು.