ಘಟಿಕಾಸ್ಥಾನದ ಕಡೇ ಗೋಡೆ

ನಮ್ಮೂರಿನ ಯಾವ ಮನೆಯ ಗೋಡೆ ಕೆದರಿದರೂ ಒಂದು ವಿದ್ಯಾಪೀಠದ ಕಲ್ಲು ಸಿಗುತ್ತದೆ. ಅಫಜಲಪುರದಿಂದ ಗೊಬ್ಬೂರಿಗೆ ಹೋಗುವ ಹಾದಿಯಲ್ಲಿ, ಊರ ಮಗ್ಗುಲಿಗೇ, ಒಂದು ಕಾಲಕ್ಕೆ ಘಟಿಕಾಸ್ಥಾನವಿತ್ತು. ದೂರದೂರದವರು ಬಂದು ಅಲ್ಲಿ ವ್ಯಾಕರಣ, ತರ್ಕ ಓದುತ್ತಿದ್ದರಂತೆ. ಅವರಿಗೆ ಅನ್ನ, ಅರಿವೆ ಒದಗಿಸಲು ಬಂದವರಿಂದ ಊರು ಬೆಳೆಯಿತು. ಓದುವವರು ಹೋದ ಮೇಲೆ ಊರವರು ತಲೆಮಾರಿನಿಂದ ತಲೆಮಾರಿಗೆ ಅದರ ಕಲ್ಲು ಕಿತ್ತು ಮನೆ ಕಟ್ಟಿಕೊಳ್ಳುತ್ತ ಬಂದರು. ವಿದ್ಯೆ ಬೇಡವಾದರೂ ಕಲ್ಲು ಬೇಕಿತ್ತು.

ಆ ಕಲ್ಲು ಹೊತ್ತವರೆಲ್ಲ ಕೇರಿಯವರು. ನಮ್ಮ ಕಾಲಕ್ಕೆ ಅವರಲ್ಲಿ ಗೌಂಡಿ ಧರ್ಮಣ್ಣ ಗೋಡೆ ಕಟ್ಟುವುದರಲ್ಲಿ ಎತ್ತಿದ ಕೈ. ಅವನಿಗೆ ಕೆಲಸ ಕಲಿಸಿದವನು ಆಳಂದದ ಲಾಲಸಾಬ. ನಮ್ಮಲ್ಲಿ ಒಂದು ರೂಢಿಯಿತ್ತು. ಅಕ್ಷರ ಕೆತ್ತಿದ ಕಲ್ಲು ಸಿಕ್ಕರೆ ಅಕ್ಷರದ ಮೈಯನ್ನು ಗೋಡೆಯ ಒಳಕ್ಕೆ ತಿರುಗಿಸಿ ಮಣ್ಣು ಮೆತ್ತಬೇಕು. ಸರಸ್ವತಿಗೆ ಕಂಡಕಂಡವರ ಕೈ ತಾಗಬಾರದು. ಆ ಕಂಡಕಂಡವರಲ್ಲಿ ಧರ್ಮಣ್ಣನೂ ಒಬ್ಬ. ಆದರೆ ಅವನು ಹೊತ್ತು ತರುವಾಗ ಮಾತ್ರ ಯಾರಿಗೂ ಮೈಲಿಗೆ ನೆನಪಾಗುತ್ತಿರಲಿಲ್ಲ. ಇದನ್ನು ನೆನೆದರೆ ನನಗೆ ಇಂದಿಗೂ ಮೈ ಉರಿಯುತ್ತದೆ.

ನಲವತ್ತೆಂಟರಲ್ಲಿ ರಜಾಕಾರರ ಹಾವಳಿ ಮುಗಿದು ನಿಜಾಮಶಾಹಿ ಹೋಯಿತು. ಊರಿಗೊಂದು ಕನ್ನಡ ಸಾಲೆ ಬೇಕೆಂದು ಹಿರಿಯರಾದ ವ್ಯಂಕಟೇಶರಾಯರು ಓಡಾಡಿದರು. ಘಟಿಕಾಸ್ಥಾನದಲ್ಲಿ ಉಳಿದಿದ್ದ, ಮೈತುಂಬ ಅಕ್ಷರ ಕೆತ್ತಿದ್ದ ಕಡೇ ಗೋಡೆಯನ್ನು ಕೆಡವಿ, ಆ ಕಲ್ಲಿನಿಂದಲೇ ಸಾಲೆ ಕಟ್ಟುವುದೆಂದಾಯಿತು. ಧರ್ಮಣ್ಣ ಕೂಲಿ ಬೇಡವೆಂದ.

“ನಮ್ಮ ಮಲ್ಕಮ್ಮನ್ನ ಒಳಗ ಕೂಡಸ್ಕೊಂಡ್ರ ಸಾಕ್ರಿ ಧಣೇರ. ನನಗ ಇರಾಕಿ ಒಬ್ಬಾಕಿನ ಮಗಳು.”

“ಮೊದ್ಲ ಗ್ವಾಡಿ ಏಳ್ಲಿ ಬಿಡೋ. ಆಮ್ಯಾಲ ನೋಡೋಣು,” ಎಂದರು ರಾಯರು.

ದೊಡ್ಡವರ ‘ನೋಡೋಣು’ ಅಂದರೆ ಏನೆಂದು ಕೇರಿಯ ಕೂಸಿಗೂ ಗೊತ್ತು. ಧರ್ಮಣ್ಣ ಕೆಲಸಕ್ಕೆ ನಿಂತ.

ಸಾಲೆ ತೆರೆದ ದಿನ ಮಲ್ಕಮ್ಮ ತಲೆಗೆ ಎಣ್ಣೆ ಹಚ್ಚಿಕೊಂಡು, ಅಪ್ಪನ ಕೈ ಹಿಡಿದು ಬಂದಳು. ರಾಯರು ಬಾಗಿಲಲ್ಲೇ ತಡೆದರು.

“ಈಕಿ ಹೊರಗ ಕಟ್ಟಿ ಮ್ಯಾಲ ಕೂಡ್ಲಿ. ಕಿಡಕ್ಯಾಗಿಂದ ಎಲ್ಲಾ ಕೇಳಸ್ತದ.”

ಹುಡುಗಿ ಕಣ್ಣು ತುಂಬಿಕೊಂಡು ಕಟ್ಟೆಯ ಮೇಲೆ ಕೂತಳು. ಆಗ ರಾಯರ ದೃಷ್ಟಿ ಅವಳ ಬೆನ್ನ ಹಿಂದಿನ ಗೋಡೆಯ ಮೇಲೆ ಬಿತ್ತು. ಅಲ್ಲಿ ಮೆತ್ತಿದ್ದ ಮಣ್ಣನ್ನು ಧರ್ಮಣ್ಣ ಮುಂಜಾನೆಯೇ ತೊಳೆದುಬಿಟ್ಟಿದ್ದ. ಸಾಲುಸಾಲು ಕಲ್ಲು, ಅಕ್ಷರವೆಲ್ಲ ಹೊರಮುಖ.

“ಏನ್ ಮಾಡೀದಿ ಲೇ ಇದು? ಅಕ್ಷರ ಒಳಗಿರಬೇಕಲ್ಲೋ!”

“ಮಗಳನ್ನ ನೀವು ಒಳಗ ಬಿಡಂಗಿಲ್ಲಂತ ಗೊತ್ತಿತ್ರಿ ಧಣೇರ,” ಎಂದ ಧರ್ಮಣ್ಣ. “ಅದಕ್ಕ ಅಕ್ಷರಾನ ಹೊರಗ ತಂದೇನ್ರಿ.”

ರಾಯರು ಒಳಗೆ ಹೋದರು. ಮಲ್ಕಮ್ಮ ಕಿಟಕಿಯ ಕಡೆ ನೋಡಲಿಲ್ಲ. ಗೋಡೆಯತ್ತ ತಿರುಗಿ ಕೂತು, ಮೊದಲ ಅಕ್ಷರದ ಮೇಲೆ ಬೆರಳಿಟ್ಟಳು.