ಕೆರೆಯ ದಂಡೆಯಲ್ಲಿ ಒಂದೂವರೆ ದಿನ

ಶನಿವಾರ ಬೆಳಗಿನ ಶಾಲೆ ಬಿಟ್ಟ ಕೂಡಲೇ ಹೊರ್ತಿಯಲ್ಲಿ ಬಸ್ಸು ಹತ್ತಿದೆ. ವಿಜಾಪುರದಲ್ಲಿ ಗಾಡಿ ಬದಲಿಸಿ ಬಸವನ ಬಾಗೇವಾಡಿ ಮುಟ್ಟುವಷ್ಟರಲ್ಲಿ ಮೂರು ಗಂಟೆ. ಚಾರ್ಜು ಎರಡು ರೂಪಾಯಿಯ ಮೇಲೆ ಕೆಲವು ಹೊಸ ಪೈಸೆ. ಮಳೆ ಮಾತ್ರ ವಿಜಾಪುರದಿಂದಲೇ ಬೆನ್ನು ಹತ್ತಿತ್ತು.

ನನಗೂ ಶಾಂತಾಳಿಗೂ ಮದುವೆಯಾಗಿ ಎರಡು ವರ್ಷ. ಇಬ್ಬರೂ ಪ್ರಾಥಮಿಕ ಶಾಲೆಯ ಶಿಕ್ಷಕರು. ನಾನು ಹೊರ್ತಿಯಲ್ಲಿ, ಅವಳು ಮುದ್ದೇಬಿಹಾಳದ ಆಚೆ ಒಂದು ಹಳ್ಳಿಯಲ್ಲಿ. ಶಾಲೆಗೆ ಸೂಟಿ ಬಂದರಷ್ಟೇ ನಮ್ಮ ಸಂಸಾರ. ಬಾಗೇವಾಡಿ ಇಬ್ಬರಿಗೂ ನಡುವಿನ ಊರು. ಅಲ್ಲಿಂದ ಮೂರು ಮೈಲಿಗೆ ಒಂದು ಕೆರೆ, ದಂಡೆಯ ಮೇಲೆ ಸರಕಾರಿ ಬಂಗಲೆ. ಗುರುತಿನ ಓವರ್ಸಿಯರನನ್ನು ಹಿಡಿದು ಒಂದು ಕೋಣೆ ಗೊತ್ತುಮಾಡಿದ್ದೆ. ಕೆರೆ, ಗಾಳಿ ಎಲ್ಲ ಬರೀ ನೆವ. ನನ್ನ ಕೋಟಿನ ಕಿಸೆಯಲ್ಲಿ ಅವಳ ರಾಜೀನಾಮೆ ಇತ್ತು. ನಾನೇ ದುಂಡಗೆ ಬರೆದದ್ದು, ಅವಳ ಸಹಿಯೊಂದೇ ಬಾಕಿ. “ಹೆಂಡ್ತೀನ ಕರಕೊಂಡು ಬಾ, ಇಲ್ಲಾಂದ್ರ ಮನಿಗೆ ಬರಬ್ಯಾಡ” ಎಂದು ಅಪ್ಪ ಯುಗಾದಿಯಂದೇ ಹೇಳಿಬಿಟ್ಟಿದ್ದ.

ಅವಳ ಬಸ್ಸು ಐದಕ್ಕೆ ಬಂತು. ಇಳಿದವಳೇ ಕೇಳಿದ್ದು, “ನಾಳೆ ಮುದ್ದೇಬಿಹಾಳಕ್ಕ ಕಡೀ ಬಸ್ಸು ಎಷ್ಟಕ್ಕೈತ್ರಿ?” ನನಗೆ ಮೈ ಉರಿಯಿತು. ಆದರೂ ಬಿಸಿ ಭಜಿ ಕಟ್ಟಿಸಿಕೊಂಡು ಚಕ್ಕಡಿ ಹತ್ತಿ, ಕತ್ತಲಾಗುವ ಮುಂಚೆ ಕೆರೆ ಮುಟ್ಟಿದೆವು.

ಕೆರೆ ಅರ್ಧ ತುಂಬಿತ್ತು. ನೀರು ಮಣ್ಣಿನ ಬಣ್ಣ, ಆಕಾಶವೂ ಹೆಚ್ಚುಕಡಿಮೆ ಅದೇ ಬಣ್ಣ. ಬಂಗಲೆಯ ಕಾವಲುಗಾರ ಕಾಶೀಂಸಾಬ ಚಹಾ ತಂದಿಟ್ಟು, “ಮಳಿ ಜೋರೈತ್ರಿ. ಹಳ್ಳ ತುಂಬಿದ್ರ ಎರಡು ದಿನಾ ಬಸ್ಸಿಲ್ಲ” ಎಂದ. ಅಷ್ಟು ಕೇಳಿದ ಮೇಲೆ ಶಾಂತಾ ಕೂತಲ್ಲಿ ಕೂಡಲಿಲ್ಲ. ಬಾಗಿಲಿಗೆ ಹೋಗುವುದು, ಮಳೆ ನೋಡುವುದು, ಬರುವುದು. ತಡೆಯಲಾರದೆ ಕಾಗದ ತೆಗೆದು ಅವಳ ಕೈಗಿಟ್ಟೆ. ಎರಡು ಸಲ ಓದಿದಳು.

“ಛಲೋ ಬರದೀರಿ. ನನ್ನ ಹೆಸರು ತಗದು ನಿಮ್ಮ ಹೆಸರು ಹಾಕ್ರಿ. ಆಗೂ ಕೂಡೇ ಇರ್ತೇವಲ್ಲ?”

“ಗಂಡಸಾದಾಂವ ನೌಕರಿ ಬಿಡ್ತಾನೇನು?”

“ನಿಮ್ಮ ಸಾಲ್ಯಾಗ ಆರು ಮಂದಿ ಮಾಸ್ತರ್ರು ಅದಾರ. ನಮ್ಮಲ್ಲಿ ನಾ ಒಬ್ಬಾಕಿ. ನಾ ಬಿಟ್ರ ಒಂಬತ್ತು ಹುಡುಗ್ಯಾರು ಪಾಟಿ ಪುಸ್ತಕ ಇಟ್ಟು ಹೊಲದ ಕಸಾ ತಗ್ಯಾಕ ಹೋಗ್ತಾರ.”

ಸಿಟ್ಟಿನಿಂದ ಹೊರಬಿದ್ದು ಒಡ್ಡಿನ ಮೇಲೆ ಆ ತುದಿಯಿಂದ ಈ ತುದಿಗೆ ನಡೆದೆ. ಗಾಳಿಗೆ ಛತ್ರಿ ಮುರಿಯಿತು. ತೊಯ್ದು ಬಂದಾಗ ಅವಳು ಟವೆಲ್ಲು ಕೊಟ್ಟಳು.

ರವಿವಾರವೂ ಮಳೆ ಬಿಡಲಿಲ್ಲ. ಕಾಶೀಂಸಾಬನ ಮನೆಯಿಂದ ಬಂದ ಬಿಸಿ ರೊಟ್ಟಿ, ಶೇಂಗಾ ಹಿಂಡಿ ತಿಂದು ಹನ್ನೊಂದಕ್ಕೇ ಶಾಂತಾ ಗಂಟು ಕಟ್ಟಿದಳು. “ಈ ಕೆಸರಾಗ ಚಕ್ಕಡಿ ಯಾರು ಹೂಡ್ತಾರ್ರಿ?” ಎಂದ ಕಾಶೀಂಸಾಬ. “ನಡಕೋತ ಹೋಗ್ತೇನಿ” ಎಂದವಳೇ ಚಪ್ಪಲಿ ಕೈಯಲ್ಲಿ ಹಿಡಿದು ಹೊರಟೇಬಿಟ್ಟಳು.

ನಮ್ಮ ಕಡೆ ದಾರಿ ನಡೆಯುವಾಗ ಗಂಡ ಮುಂದೆ, ಹೆಂಡತಿ ಹತ್ತು ಹೆಜ್ಜೆ ಹಿಂದೆ. ಅಂದು ಮೂರು ಮೈಲೂ ಅವಳೇ ಮುಂದೆ. ಎರೆಮಣ್ಣು ಹೆಜ್ಜೆಹೆಜ್ಜೆಗೆ ಕಾಲಿಗೆ ಮೆತ್ತಿ ಭಾರವಾಗುತ್ತಿತ್ತು. ನಿಂತು, ಕಡ್ಡಿಯಿಂದ ಕೆರೆದು ಹಾಕಿ, ಮತ್ತೆ ನಡೆಯುವಳು. ಎರಡು ಸಲ ಬಿದ್ದಳು. ಎತ್ತಲು ಹೋದರೆ, “ಮೊದಲ ನಡೀರಿ, ಬಸ್ಸು ತಪ್ಪತೈತಿ” ಎಂದಳು. ನನ್ನ ಶಾಲೆಗಾಗಿ ನಾನು ಒಂದು ದಿನವೂ ಹೀಗೆ ನಡೆದಿರಲಿಲ್ಲ. ನಾಚಿಕೆಯಾಯಿತು.

ಬಾಗೇವಾಡಿಯಲ್ಲಿ ಇಬ್ಬರ ಬಸ್ಸೂ ನಿಂತಿದ್ದವು. “ಹಳ್ಳದ ತನಕಾ ಅಷ್ಟ ಹೋಗೂದ್ರಿ ಅಕ್ಕೋರ, ಮುಂದ ನೀರು ಇಳಿದ್ರ ನಡದು ದಾಟಬೇಕು” ಎಂದ ಮುದ್ದೇಬಿಹಾಳದ ಕಂಡಕ್ಟರ. ಅವಳು ಹತ್ತಿದಳು. ನಾನೂ ಹತ್ತಿದೆ.

“ನಿಮ್ಮ ಗಾಡಿ ಅತ್ಲಾಗೈತ್ರಿ.”

“ನಿಮ್ಮ ತಾಲೂಕಿಗೆ ಬದಲಿ ಕೇಳ್ತೇನಿ. ಮೊದಲ ನಿಮ್ಮೂರಾಗ ಬಾಡಿಗಿ ಮನಿ ನೋಡೂನು.”

ಅವಳು ಕಿಟಕಿಯ ಕಡೆ ಸರಿದು ಜಾಗ ಮಾಡಿದಳು.

ಅಪ್ಪ ಏನಂದಾನು, ಓಣಿಯವರು ಎಷ್ಟು ನಕ್ಕಾರು ಎಂದು ದಾರಿಯುದ್ದಕ್ಕೂ ಚಿಂತಿಸುತ್ತಲೇ ಇದ್ದೆ. ಮಳೆಗೆ ಬಸ್ಸು ನಾಲ್ಕು ಕಡೆ ನಿಂತಿತು. ಇಳಿದು ತಿರುಗಿ ಹೋಗಬೇಕೆಂದು ಮಾತ್ರ ಒಮ್ಮೆಯೂ ಅನಿಸಲಿಲ್ಲ.