ಪೂರ್ವದ ಗಾಳಿ, ಮಾವನ ತಿಥಿ

ನನ್ನ ಗಂಡನಿಗೆ ಹಕ್ಕಿ ಹುಚ್ಚು ಹಿಡಿದದ್ದು ಕೊರೋನಾ ಕಾಲದಲ್ಲಿ. ಆಫೀಸು ಮನೆಯೊಳಗೇ ಬಂದು ಕುಳಿತ ಮೇಲೆ ಕೆಲವರು ಬ್ರೆಡ್ ಮಾಡಲು ಕಲಿತರು, ಇವರು ಬೈನಾಕ್ಯುಲರ್ ಕೊಂಡರು. ರಾಟರ್‌ಡ್ಯಾಮಿನ ನಮ್ಮ ಬಾಲ್ಕನಿಯಲ್ಲಿ ಇವರು ಅದನ್ನು ಕಣ್ಣಿಗೆ ಹಚ್ಚಿ ನಿಂತರೆ, ಕಿಟಕಿಗೆ ಪರದೆ ಎಳೆಯುವ ಅಭ್ಯಾಸವೇ ಇಲ್ಲದ ಎದುರು ಮನೆಯವರು ಪರದೆ ಕೊಂಡು ತಂದರು.

ಆ ಅಕ್ಟೋಬರಿನಲ್ಲಿ ಇವರ ಜೀವವೆಲ್ಲ ಇಲ್ಲಿಯ ಉತ್ತರ ಕಡಲಂಚಿನ ಟೆಕ್ಸೆಲ್ ದ್ವೀಪದಲ್ಲಿತ್ತು. ಪೂರ್ವದ ಗಾಳಿ ಬೀಸಿದರೆ ಸೈಬೀರಿಯಾ ಕಡೆಯ ಹೆಬ್ಬೆರಳಿನಷ್ಟು ಹಕ್ಕಿಯೊಂದು ದಾರಿ ತಪ್ಪಿ ಅಲ್ಲಿನ ಪೊದೆಗಳಿಗೆ ಬಂದು ಬೀಳುತ್ತದಂತೆ. ದಿನವೂ ಕಾಫಿಗಿಂತ ಮೊದಲು ಗಾಳಿಯ ಮುನ್ಸೂಚನೆ ನೋಡಬೇಕು. ಕೊನೆಗೊಂದು ಶನಿವಾರಕ್ಕೆ ಗಾಳಿ ಕೂಡಿಬಂತು. ಕುಣಿಯುತ್ತ ಅಡುಗೆಮನೆಗೆ ಬಂದವರು ಗೋಡೆಯ ಉಡುಪಿ ಕ್ಯಾಲೆಂಡರ್ ನೋಡಿ ಇಂಗು ತಿಂದ ಮಂಗನಂತಾದರು. ಅದೇ ಶನಿವಾರ ಮಾವನ ತಿಥಿ.

ಮೂರು ತಿಂಗಳಿಗೆಂದು ಬಂದಿದ್ದ ಅತ್ತೆ, ವಿಮಾನಗಳು ನಿಂತು ನಮ್ಮಲ್ಲೇ ಸಿಕ್ಕಿಬಿದ್ದಿದ್ದರು. ತಿಥಿಯ ದಿನ ಅವರು ಉಡುಪಿಯಲ್ಲಿ ಇಲ್ಲದ್ದು ಅದೇ ಮೊದಲು. ಎಡೆಯನ್ನು ಕಾಗೆ ಮುಟ್ಟಲೇಬೇಕು, ಮುಟ್ಟದಿದ್ದರೆ ಹೋದವರಿಗೆ ಏನೋ ಅಸಮಾಧಾನ ಎಂದು ಅವರ ನಂಬಿಕೆ. ಇಲ್ಲಿಯ ಕಾಗೆಗಳ ಮೇಲೆ ಭರವಸೆ ಸಾಲದೆ ಮುಂಚಿನಿಂದಲೇ ಬಾಲ್ಕನಿಯಲ್ಲಿ ಅನ್ನವಿಟ್ಟು ಅವಕ್ಕೆ ಅಭ್ಯಾಸ ಮಾಡಿಸುತ್ತಿದ್ದರು. ಕಾಗೆಗಳು ಲೈಟುಕಂಬದ ಮೇಲೆ ಕುಳಿತು ನೋಡುವವು, ಅಷ್ಟರಲ್ಲಿ ಕಡಲಕಾಗೆ, ಅದೇ ಬಿಳಿಯ ಸೀಗಲ್, ಎರಗಿ ತಟ್ಟೆ ಖಾಲಿ ಮಾಡುವುದು.

“ಇದೂ ಒಂದು ನಮೂನೆ ಕಾಗೆಯೇ ಅಲ್ವಾ ಅತ್ತೆ?” ಎಂದೆ.

“ನಿನ್ನ ಮಾವ ಬೆಕ್ಕಿನ ಹಾಗೆ ಕೂಗುವ ಹಕ್ಕಿಯಾಗಿ ಬರುವ ಜನ ಅಲ್ಲ ಮಾರಾಯ್ತಿ. ಎಲೆಗೆ ಕೂತ್ರೆ ಅನ್ನ ಬರುವ ಮೊದಲೇ ವಡೆಗೆ ಕೈ ಹಾಕ್ತಿದ್ರು. ಈಗ ನಾನು ಫಾರಿನ್ನಲ್ಲಿ ಕೂತದ್ದು ನೋಡಿ ಸಿಟ್ಟು ಬಂದಿರ್ಬೇಕು.”

ಅವರ ಕಣ್ಣು ತುಂಬಿತ್ತು.

ತಿಥಿಯ ದಿನ ಹಕ್ಕಿ ನೋಡಲು ಹೋಗುತ್ತೇನೆ ಎನ್ನುವ ಧೈರ್ಯ ಇವರಿಗಿರಲಿಲ್ಲ. “ನೀನೇ ಕೇಳು,” ಎಂದು ನನ್ನ ಬೆನ್ನು ಬಿದ್ದರು. ನಾನು ಕೇಳಲಿಲ್ಲ, ಅತ್ತೆಯೇ ಕೇಳುವಂತೆ ಮಾಡಿದೆ. ಬೀನ್ಸ್ ಹೆಚ್ಚುತ್ತ, ಯಾರಿಗೂ ಅಲ್ಲವೆಂಬಂತೆ, “ಟೆಕ್ಸೆಲ್ ಬದಿ ಕಾಗೆಗಳು ರಾಶಿ ಉಂಟಂತೆ. ಟೂರಿಸ್ಟ್‌ಗಳಿಲ್ಲದೆ ಚಿಪ್ಸ್ ಹಾಕುವವರೂ ಇಲ್ಲ, ಪಾಪ, ಹಸಿದು ಕೂತಿರ್ತಾವೆ,” ಎಂದೆ.

ಸಂಜೆಯೇ ಅತ್ತೆ ಮಗನನ್ನು ಕೇಳಿದರು: “ಶನಿವಾರ ಪುರುಸೊತ್ತು ಉಂಟಾ ನಿಂಗೆ? ಸಮುದ್ರದ ಬದಿಗೆ ಹೋಗುವ.”

“ಕಷ್ಟವೇ,” ಎಂದು ಇವರು ನಿಟ್ಟುಸಿರು ಬಿಟ್ಟರು. “ಆದ್ರೂ ನೀನು ಹೇಳಿದ ಮೇಲೆ ಆಗುದಿಲ್ಲ ಹೇಳ್ಲಿಕ್ಕೆ ಆಗ್ತದಾ ಅಮ್ಮ?”

ನಾನು ಬಿದ್ದ ಚಮಚ ಹುಡುಕುವ ನೆಪದಲ್ಲಿ ಮೇಜಿನ ಕೆಳಗೆ ತಲೆ ಹಾಕಿದೆ.

ಶನಿವಾರ ಸುರಿನಾಮ್ ದೇಶದವರ ಅಂಗಡಿಯ ಫ್ರೀಜರಿನಿಂದ ತಂದ ಬಾಳೆಲೆ, ಅತ್ತೆ ಕರಿದ ವಡೆ, ಅನ್ನ, ಪಾಯಸ ಕಟ್ಟಿಕೊಂಡು ಫೆರಿ ಹತ್ತಿದೆವು. ಇವರು ಮುಖ ಗಂಭೀರ ಮಾಡಿಕೊಂಡು ತಂದೆಯ ಗುಣಗಾನ ಮಾಡುತ್ತಿದ್ದರು, ಒಂದು ಕೈ ಬೈನಾಕ್ಯುಲರ್ ಬಿಡಲಿಲ್ಲ. ಮಾಸ್ಕ್ ಎಷ್ಟು ಉಪಕಾರಿ ಎಂದು ನನಗೆ ಅಂದು ತಿಳಿಯಿತು.

ಟೆಕ್ಸೆಲಿನಲ್ಲಿ ಪೊದೆಗಳ ಮುಂದೆ ಹಕ್ಕಿ ನೋಡುವವರು ನಿಯಮದಂತೆ ದೂರ ದೂರ ನಿಂತು ಉಸಿರು ಬಿಗಿಹಿಡಿದಿದ್ದರು. ಪಕ್ಕದ ಮರಳಿನ ಮೇಲೆ ಇವರು ಎಡೆ ಇಟ್ಟರು. ಅತ್ತೆ ದೊಡ್ಡ ದನಿಯಲ್ಲಿ “ಕಾ... ಕಾ...” ಎಂದು ಕರೆದರು. ಎಲ್ಲರೂ ತಿರುಗಿ ನೋಡಿದ ರೀತಿ ಹೇಳತೀರದು.

ಬೇಲಿಯ ಮೇಲೆ ಎರಡು ಕಾಗೆಗಳಿದ್ದವು, ಇಳಿಯಲಿಲ್ಲ. ಕಾಗೆ ಹಟ ಹಿಡಿದರೆ ಮನೆಯವರು ಒಬ್ಬೊಬ್ಬರಾಗಿ ಹೋದವರಿಗೆ ಮಾತು ಕೊಡುವುದು ನಮ್ಮಲ್ಲಿ ರೂಢಿ. “ಅಮ್ಮನನ್ನು ಚೆನ್ನಾಗಿ ನೋಡಿಕೊಳ್ತೇವೆ ಅಪ್ಪ,” ಎಂದರು ಇವರು. “ವಿಮಾನ ಶುರುವಾದ ಕೂಡ್ಲೆ ಊರಿಗೆ ಕಳಿಸ್ತೇವೆ ಮಾವ,” ಎಂದೆ ನಾನು. ಕಾಗೆ ಜಪ್ಪಯ್ಯ ಅನ್ನಲಿಲ್ಲ.

ಅತ್ತೆ ಮಾಸ್ಕ್ ಇಳಿಸಿ ಮುಂದೆ ಬಂದರು. “ಬೇಕೂಂತ ಉಳಿದದ್ದಲ್ಲ ಮಾರಾಯ್ರೆ. ನಿಮ್ಮನ್ನು ಬಿಟ್ಟು ನಂಗೆ ಇಲ್ಲಿ ಎಂತ ಉಂಟು? ಬನ್ನಿ, ವಡೆ ಆರ್ತದೆ.”

ಆಗಲೇ ಪೊದೆಯ ಆಚೆ ಯಾರೋ ಕೈ ಬೀಸಿದರು. ಸೈಬೀರಿಯಾದ ಅತಿಥಿ ಬಂದಿತ್ತು. ಎಲ್ಲರೂ ಅತ್ತ ಓಡಿದರು. ನಮ್ಮ ಸುತ್ತ ಒಬ್ಬರೂ ಉಳಿಯಲಿಲ್ಲ. ಇವರ ಒಂದು ಕಾಲು ತಾನಾಗಿ ಎದ್ದು, ಮತ್ತೆ ನೆಲಕ್ಕಿಳಿಯಿತು. ಜನ ಸರಿದದ್ದೇ ತಡ, ಒಂದು ಕಾಗೆ ಬೇಲಿ ಬಿಟ್ಟು ಎಲೆಯ ಬಳಿ ಇಳಿಯಿತು. ನನ್ನ ಗಂಡ ಬೈನಾಕ್ಯುಲರ್ ಎತ್ತಿ, ಅಷ್ಟು ಹತ್ತಿರದ ಕಾಗೆಯನ್ನು ನೋಡತೊಡಗಿದರು.

ಅತ್ತೆಗೆ ಕಣ್ಣೀರಿನಲ್ಲಿ ಏನೂ ಕಾಣುತ್ತಿರಲಿಲ್ಲ. “ಮೊದ್ಲು ಎಂತ ತೆಗೀತು?”

“ವಡೆ ಅಮ್ಮ.”

“ಹಾಗಾದ್ರೆ ಅವರೇ,” ಎಂದು ಅತ್ತೆ ಮರಳಿನ ಮೇಲೆ ಕುಳಿತುಬಿಟ್ಟರು.